ಗಡುವು ನಿಗದಿ ಮಾಡುವ ಮಾನ್ಯರಿಗೆ, ಶಿರಸಿಯ ಒಂದು ಸಣ್ಣ ತೆರಿಗೆ ಕಚೇರಿಯಿಂದ

ಇವರಿಗೆ,
ಆದಾಯ ತೆರಿಗೆಯ ನಮೂನೆಗಳನ್ನೂ ಗಡುವುಗಳನ್ನೂ ನಿರ್ಧರಿಸುವ ಹಿರಿಯ ಅಧಿಕಾರಿಗಳು,
ನವದೆಹಲಿ

ವಿಷಯ: ನಮೂನೆ ತಡವಾದಷ್ಟು ದಿನ ಗಡುವೂ ತಾನಾಗಿ ಮುಂದಕ್ಕೆ ಹೋಗಬೇಕೆಂಬ ಕೋರಿಕೆ

ಮಾನ್ಯರೇ,

ನಾನು ಶಿರಸಿ ಪೇಟೆಯಲ್ಲಿ ಒಂದು ಸಣ್ಣ ತೆರಿಗೆ ಕಚೇರಿ ನಡೆಸುತ್ತೇನೆ. ಔಷಧಿ ಅಂಗಡಿಯ ಮೇಲಿನ ಮಹಡಿ, ಎರಡು ಕೋಣೆ, ಮೂರು ಕಂಪ್ಯೂಟರ್, ಬಿ.ಕಾಂ. ಮುಗಿಸಿದ ಇಬ್ಬರು ಸಹಾಯಕಿಯರು. ಇಪ್ಪತ್ತೆರಡು ವರ್ಷಗಳಿಂದ ಇದೇ ಕೆಲಸ. ನಾನು ಚಾರ್ಟರ್ಡ್ ಅಕೌಂಟೆಂಟ್ ಅಲ್ಲ, ಬೋರ್ಡಿನ ಮೇಲೆ ಹಾಗೆಂದು ಬರೆಸಿಕೊಂಡೂ ಇಲ್ಲ. ಆದರೂ ಊರಿನವರಿಗೆ ನಾನು ‘ಆಡಿಟರ್’. ತೆರಿಗೆಯ ಕಾಗದ ಮುಟ್ಟುವವರೆಲ್ಲರೂ ನಮ್ಮ ಕಡೆ ಆಡಿಟರ್‌ಗಳೇ. ನಿಜವಾದ ಆಡಿಟ್ ವರದಿಗೆ ಸಹಿ ಬೇಕಾದಾಗ ಲೆಕ್ಕದ ಪುಸ್ತಕಗಳನ್ನು ಕಟ್ಟಿಕೊಂಡು ಹುಬ್ಬಳ್ಳಿಯ ಸಿ.ಎ. ಒಬ್ಬರ ಬಳಿಗೆ ಬಸ್ಸು ಹತ್ತುತ್ತೇನೆ.

ನನ್ನ ಬಳಿ ರಿಟರ್ನ್ಸ್ ಮಾಡಿಸುವವರು ಸುಮಾರು ಆರುನೂರು ಮಂದಿ. ಶಾಲಾ ಶಿಕ್ಷಕರು, ಪಿಂಚಣಿದಾರರು, ಅಡಿಕೆ ವ್ಯಾಪಾರಿಗಳು, ತೋಟದ ಆದಾಯದ ಜೊತೆಗೆ ಒಂದಿಷ್ಟು ಬಡ್ಡಿಯೂ ಬರುವ ಬೆಳೆಗಾರರು, ಗುತ್ತಿಗೆದಾರ ಹಣ ಕೊಡುವಾಗಲೇ ಹಿಡಿದುಕೊಂಡ ಒಂದು ಶೇಕಡಾ ತೆರಿಗೆ, ಅಂದರೆ ಟಿಡಿಎಸ್, ವಾಪಸು ಬಂದರೆ ಟೈರಿಗಾದೀತು ಎಂದು ಕಾಯುವ ಲಾರಿ ಮಾಲೀಕರು. ಸರಳವಾದ ಒಂದು ರಿಟರ್ನ್‌ಗೆ ನಾನು ಪಡೆಯುವುದು 600 ರೂಪಾಯಿ. ಕೆಲವರು ಅದನ್ನು ದೀಪಾವಳಿಗೆ ಕೊಡುತ್ತಾರೆ, ಕೆಲವರು ಕೊನೆಯ ಕೊಯ್ಲು ಮುಗಿದ ಮೇಲೆ ಅಡಿಕೆ ಮಾರಿ ಕೊಡುತ್ತಾರೆ. ಇದು ದೂರಲ್ಲ. ಈ ಪತ್ರ ಬರೆಯುತ್ತಿರುವವನು ಯಾರೆಂದು ನಿಮಗೆ ತಿಳಿದಿರಲಿ ಎಂದಷ್ಟೇ ಹೇಳಿದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನಾನು ಈ ಕೆಲಸಕ್ಕೆ ಬಂದಾಗ ‘ಸರಳ್’ ಎಂಬ ಕಾಗದದ ನಮೂನೆಯಿತ್ತು. ಕೈಯಲ್ಲಿ ತುಂಬಿ, ಕಚೇರಿಯ ಕಿಟಕಿಯಲ್ಲಿ ಕೊಟ್ಟು, ಪ್ರತಿಯ ಮೇಲೆ ರಬ್ಬರ್ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದೆವು. ರಿಫಂಡ್ ಯಾವಾಗ ಎಂದು ಕೇಳಿದರೆ ದೇವರ ಕಡೆ ಕೈ ತೋರಿಸುತ್ತಿದ್ದ ಕಾಲ ಅದು. ಇಂದು ಬೆಂಗಳೂರಿನ ಸಂಸ್ಕರಣಾ ಕೇಂದ್ರದಿಂದ ಎಷ್ಟೋ ಜನರಿಗೆ ಕೆಲವೇ ದಿನಗಳಲ್ಲಿ ಹಣ ನೇರವಾಗಿ ಖಾತೆಗೆ ಬರುತ್ತದೆ. ಸಂಬಳ, ಬಡ್ಡಿ, ಡಿವಿಡೆಂಡ್ ಎಲ್ಲವೂ ಮೊದಲೇ ತುಂಬಿ ಸಿದ್ಧವಾಗಿರುತ್ತವೆ. ಆ ಹಳೆಯ ದಿನಗಳು ಮರಳಿ ಬರಲಿ ಎಂದು ಹೇಳುವವನು ನಾನಲ್ಲ.

ನನ್ನ ತಕರಾರು ಒಂದೇ, ಅದು ದಿನಗಳ ಲೆಕ್ಕದ್ದು. ಲೆಕ್ಕ ನನ್ನ ಕಸುಬಾದ್ದರಿಂದ ಅದನ್ನೇ ನಿಮ್ಮ ಮುಂದಿಡುತ್ತೇನೆ.

ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಆಡಿಟ್ ಬೇಡದವರಿಗೆ ಜುಲೈ 31 ಕೊನೆಯ ದಿನ. ಏಪ್ರಿಲ್ 1ರಿಂದ ಎಣಿಸಿದರೆ 122 ದಿನ. ಕಾಗದದ ಮೇಲೆ ಧಾರಾಳವಾದ ಅವಧಿಯೇ. ಈ ವರ್ಷ, ಅಂದರೆ 2025ರಲ್ಲಿ, ಸರಳ ರಿಟರ್ನ್‌ಗಳ ನಮೂನೆಗಳಾದ ಐಟಿಆರ್-1 ಮತ್ತು ಐಟಿಆರ್-4ರ ತಂತ್ರಾಂಶ ನಮ್ಮ ಕೈಗೆ ಬಂದದ್ದು ಮೇ ಕೊನೆಯಲ್ಲಿ. ಐಟಿಆರ್-2 ಮತ್ತು ಐಟಿಆರ್-3ರ ಎಕ್ಸೆಲ್ ಯುಟಿಲಿಟಿ, ಅಂದರೆ ಅವುಗಳನ್ನು ತುಂಬುವ ತಂತ್ರಾಂಶ, ಬಂದದ್ದು ಜುಲೈ 11ರಂದು. ನಿವೇಶನ ಮಾರಿದವರು, ಮ್ಯೂಚುವಲ್ ಫಂಡ್ ಹಣ ತೆಗೆದವರು, ಪಾಲುದಾರಿಕೆ ಸಂಸ್ಥೆಯಲ್ಲಿ ಪಾಲು ಇರುವವರು, ಹೀಗೆ ಕೆಲಸ ಹೆಚ್ಚು ಬೇಡುವವರೆಲ್ಲರೂ ಆ ಎರಡು ನಮೂನೆಗಳವರು. ಅವರ ಪಾಲಿಗೆ ಏಪ್ರಿಲ್ 1ರಿಂದ ಜುಲೈ 10ರವರೆಗಿನ 101 ದಿನಗಳು ಸುಮ್ಮನೆ ಕಳೆದುಹೋದವು.

ಇದು ನಿಮಗೆ ಗೊತ್ತಿರಲಿಲ್ಲವೆಂದಲ್ಲ. ಮೇ 27ರಂದೇ ನೀವು ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದಿರಿ. ನಮೂನೆಗಳಲ್ಲಿ ಹೆಚ್ಚಿನ ಬದಲಾವಣೆಗಳಾಗಿವೆ, ಟಿಡಿಎಸ್ ವಿವರ ಜೂನ್ ಮೊದಲ ಭಾಗದಲ್ಲಷ್ಟೇ ಕಾಣಿಸಿಕೊಳ್ಳುತ್ತದೆ, ಹೀಗಾಗಿ ಸಲ್ಲಿಕೆಗೆ ಸಿಗುವ ಅವಧಿ ಕಡಿಮೆ ಎಂದು ಕಾರಣವನ್ನೂ ಕೊಟ್ಟಿರಿ. ಮುಂಚಿತವಾಗಿ ಹೇಳಿದ್ದಕ್ಕೆ ಅಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ. ಆದರೆ ಲೆಕ್ಕ ನೋಡಿ: ಕಳೆದುಹೋದದ್ದು 101 ದಿನ, ಮರಳಿ ಬಂದದ್ದು 46 ದಿನ. ಉಳಿದ 55 ದಿನಗಳನ್ನು ಯಾರ ಖಾತೆಗೆ ಬರೆಯುವುದು? ನಮ್ಮ ಅಡಿಕೆ ವ್ಯಾಪಾರಿ ನಿಮಗೆ ಹೀಗೆ ಲೆಕ್ಕ ಕೊಟ್ಟಿದ್ದರೆ ನೀವು ನೋಟಿಸ್ ಕಳುಹಿಸುತ್ತಿದ್ದಿರಿ.

ನಮೂನೆ ಏಕೆ ಕಷ್ಟವಾಯಿತು ಎಂಬುದೂ ನನಗೆ ತಿಳಿಯದ್ದಲ್ಲ. 2024ರ ಜುಲೈ 23ರಂದು ಬಂಡವಾಳ ಲಾಭದ ತೆರಿಗೆ ದರ ವರ್ಷದ ನಡುವೆ ಬದಲಾಯಿತು. ಆ ದಿನಕ್ಕೆ ಮೊದಲು ಮಾರಿದ ಜಾಗಕ್ಕೆ ಒಂದು ಲೆಕ್ಕ. ಆಮೇಲೆ ಮಾರಿದ್ದಕ್ಕೆ 12.5 ಶೇಕಡಾ, ಜಾಗ ಹಳೆಯದಾದರೆ ಬೆಲೆಯೇರಿಕೆ ಸೂಚ್ಯಂಕ ಹಚ್ಚಿದ 20 ಶೇಕಡಾದೊಡನೆ ಹೋಲಿಸಿ ನೋಡುವ ಇನ್ನೊಂದು ಲೆಕ್ಕ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡು, ಒಬ್ಬ ಜೂನ್‌ನಲ್ಲಿ ಇನ್ನೊಬ್ಬ ಆಗಸ್ಟ್‌ನಲ್ಲಿ ತನ್ನ ಪಾಲನ್ನು ಮಾರಿದ ಒಂದು ಪ್ರಕರಣ ನನ್ನ ಬಳಿ ಇತ್ತು. ಇಬ್ಬರಿಗೂ ಬೇರೆ ಬೇರೆ ತೆರಿಗೆ ಏಕೆಂದು ವಿವರಿಸಲು ಎರಡು ಮಧ್ಯಾಹ್ನ ಬೇಕಾದವು. ತಮ್ಮ ಈಗಲೂ ನನ್ನನ್ನು ಪೂರ್ತಿ ನಂಬಿಲ್ಲ.

ಇನ್ನು ಆ ತಿಂಗಳುಗಳು ಹೇಗಿದ್ದವು ಎಂಬುದನ್ನು ಹೇಳಬೇಕು. ಜುಲೈ ಎಂದರೆ ನಮ್ಮಲ್ಲಿ ಮಳೆ. ಬೆಳಿಗ್ಗೆ ಹೋದ ಕರೆಂಟು ಸಂಜೆ ಬಂದರೆ ಪುಣ್ಯ. ಮರ ಬಿದ್ದು ಇಂಟರ್ನೆಟ್ ಕೇಬಲ್ ಹರಿದರೆ ಮೂರು ದಿನ ಮೊಬೈಲ್‌ನ ಹಾಟ್‌ಸ್ಪಾಟೇ ಗತಿ. ಅದೇ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಯ ನೋಟಿಸುಗಳು ಯುಪಿಐ ಮೂಲಕ ಹಣ ಪಡೆದ ಸಣ್ಣ ವ್ಯಾಪಾರಿಗಳ ಕೈಗೆ ಬಂದು, ಕರ್ನಾಟಕದ ಬೇಕರಿ, ಹಾಲಿನ ಅಂಗಡಿ, ಕಾಂಡಿಮೆಂಟ್ಸ್‌ನವರೆಲ್ಲ ಹೌಹಾರಿದರು. ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ಅದು ನಿಮ್ಮ ಇಲಾಖೆಯದ್ದಲ್ಲ, ನಿಜ. ಆದರೆ ನೋಟಿಸ್ ಬಾರದವರೂ ಮೊಬೈಲ್ ಹಿಡಿದುಕೊಂಡು ಓಡಿ ಬಂದದ್ದು ನನ್ನ ಮಹಡಿಗೇ. ರಿಟರ್ನ್ಸ್ ಕಡತಗಳನ್ನು ಬದಿಗಿಟ್ಟು ಹತ್ತು ದಿನ ಬರೀ ಧೈರ್ಯ ಹೇಳುವ ಕೆಲಸ ಮಾಡಿದೆ. ಅದಕ್ಕೆ ಶುಲ್ಕ ಕೇಳಲು ಬಾಯಿ ಬರಲಿಲ್ಲ.

ಜುಲೈ 14ರಂದು ಸುಳ್ಳು ವಿನಾಯಿತಿ ತೋರಿಸಿ ರಿಫಂಡ್ ಕೊಡಿಸುವ ದಲ್ಲಾಳಿಗಳ ಮೇಲೆ ದೇಶದ 150 ಕಡೆ ನಿಮ್ಮವರು ಕಾರ್ಯಾಚರಣೆ ನಡೆಸಿದರು. ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ 1,045 ಕೋಟಿ ರೂಪಾಯಿಯ ಸುಳ್ಳು ಕೋರಿಕೆಗಳನ್ನು ಹಿಂದಕ್ಕೆ ಪಡೆದರೆಂದೂ ತಿಳಿಸಿದಿರಿ. ಆ ಸುದ್ದಿ ಓದಿ ಅತ್ಯಂತ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ‘ಪಕ್ಕದ ಮನೆಯವರಿಗೆ ನಲವತ್ತು ಸಾವಿರ ವಾಪಸ್ ಬಂದಿದೆ, ನಿಮಗೇಕೆ ಆಗುವುದಿಲ್ಲ’ ಎಂಬ ಪ್ರಶ್ನೆಯನ್ನು ವರ್ಷಗಳಿಂದ ಎದುರಿಸುತ್ತಿದ್ದೇನೆ. ಕೊಡದ ರಾಜಕೀಯ ದೇಣಿಗೆ, ಇಲ್ಲದ ಬಾಡಿಗೆ ಮನೆ, ಬಾರದ ಕಾಯಿಲೆ ಬರೆಯಲು ಒಪ್ಪದ್ದಕ್ಕೆ ಹನ್ನೊಂದು ಮಂದಿ ನನ್ನನ್ನು ಬಿಟ್ಟು ಹೋಗಿದ್ದರು. ಅವರಲ್ಲಿ ಎಂಟು ಜನ ಈ ಆಗಸ್ಟ್‌ನಲ್ಲಿ ಮರಳಿದರು, ಹಳೆಯದನ್ನು ತಿದ್ದಿಕೊಡಿ ಎಂದು. ತಿದ್ದಿಕೊಟ್ಟೆ. ಮೋಸ ಮಾಡದವನಿಗೆ ದೊರೆತ ಬಹುಮಾನ ಇದೇ ಎಂದರೆ, ಕೊನೆಯ ತಿಂಗಳಿನಲ್ಲಿ ಎಂಟು ಕಡತ ಹೆಚ್ಚಾದವು.

ಸಹಾಯಕಿಯರಲ್ಲಿ ಒಬ್ಬಳು ಚೌತಿಗೆ ಎರಡು ದಿನ ರಜೆ ಕೇಳಿದಳು. ನಾನು ಒಂದು ದಿನ ಕೊಟ್ಟೆ. ಉತ್ತರ ಕನ್ನಡದಲ್ಲಿ ಚೌತಿಗೆ ಒಂದೇ ದಿನ ರಜೆ ಕೊಡುವ ಯಜಮಾನನನ್ನು ಜನ ಹೇಗೆ ನೋಡುತ್ತಾರೆಂದು ನಿಮಗೆ ತಿಳಿದಿರಲಾರದು.

ಈಗ ಸೆಪ್ಟೆಂಬರ್ 15. ಆ ದಿನವನ್ನು ಆರಿಸಿದವರು ಕ್ಯಾಲೆಂಡರ್ ನೋಡಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಇನ್ನೂ ಇದೆ. ಮುಂಗಡ ತೆರಿಗೆಯ ಎರಡನೆಯ ಕಂತಿಗೂ ಅದೇ ಕೊನೆಯ ದಿನ. ಅದಕ್ಕೆ ನಾಲ್ಕು ದಿನ ಮೊದಲು, 11ಕ್ಕೆ, ವ್ಯಾಪಾರಿಗಳ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1. ಐದು ದಿನ ಆಮೇಲೆ, 20ಕ್ಕೆ, ಜಿಎಸ್‌ಟಿ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ. ಸಾಲದೆಂಬಂತೆ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾಗುತ್ತಿದ್ದವು. ಅಂಗಡಿಯಲ್ಲಿರುವ ಹಳೆಯ ಮಾಲಿಗೆ ಯಾವ ದರದ ಬಿಲ್ಲು ಎಂದು ದಿನಕ್ಕೆ ಇಪ್ಪತ್ತು ಫೋನ್. ದೊಡ್ಡ ಕಚೇರಿಗಳಲ್ಲಿ ಜಿಎಸ್‌ಟಿಗೆ ಒಂದು ವಿಭಾಗ, ಆದಾಯ ತೆರಿಗೆಗೆ ಒಂದು ವಿಭಾಗ. ನಮ್ಮಲ್ಲಿ ಎರಡೂ ವಿಭಾಗ ಒಂದೇ ಕುರ್ಚಿಯ ಮೇಲೆ ಕುಳಿತಿರುತ್ತವೆ.

ಸಲ್ಲಿಕೆಯಾದ ರಿಟರ್ನ್ಸ್ ಆರು ಕೋಟಿ ದಾಟಿತೆಂದು ನೀವು ಸೆಪ್ಟೆಂಬರ್ 13ರಂದು ಪ್ರಕಟಿಸಿದಿರಿ. 15ರ ಕೊನೆಗೆ ಅದು 7.3 ಕೋಟಿ. ಎರಡು ದಿನಗಳಲ್ಲಿ ಒಂದು ಕೋಟಿಗೂ ಹೆಚ್ಚು ಬಂದಿತು ಎಂಬುದನ್ನು ಸಾಧನೆಯೆಂದು ಓದಬಹುದು. ನಮ್ಮ ಮಹಡಿಯಿಂದ ನೋಡಿದರೆ ಅದು ಕಿರಿದಾದ ಬಾಗಿಲಲ್ಲಾದ ನೂಕುನುಗ್ಗಲು. ಜಾಲತಾಣ ತಿರುಗುತ್ತಲೇ ಇತ್ತು. ಗಿರಾಕಿಯ ವರ್ಷದ ಆದಾಯ, ವಹಿವಾಟುಗಳ ಪಟ್ಟಿಯಾದ ಎಐಎಸ್ ತೆರೆಯಲಿಲ್ಲ, ತೆರಿಗೆ ಕಟ್ಟಿದ ಚಲನ್ ಕಾಣಲಿಲ್ಲ. ಜಾಲತಾಣ ಸರಿಯಾಗಿದೆ, ಬ್ರೌಸರ್‌ನ ಕ್ಯಾಶೆ ಅಳಿಸಿ, ಬೇರೆ ಬ್ರೌಸರ್ ಬಳಸಿ ನೋಡಿ ಎಂಬ ಸಲಹೆ ಬಂತು. ಅಳಿಸಿದೆವು. ಮೂರು ಕಂಪ್ಯೂಟರ್‌ಗಳಲ್ಲಿ ಮೂರು ಬ್ರೌಸರ್ ಬಳಸಿದೆವು. ಸಂಜೆಯ ಹೊತ್ತಿಗೆ ಅಳಿಸಲು ಏನೂ ಉಳಿದಿರಲಿಲ್ಲ.

ಆ ರಾತ್ರಿ ನನ್ನ ಬಳಿ ಹದಿನಾಲ್ಕು ರಿಟರ್ನ್ಸ್ ಬಾಕಿ ಇದ್ದವು. ಅವುಗಳಲ್ಲಿ ಒಂದು, ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಮಾಸ್ತರರದ್ದು. ವಯಸ್ಸು ಎಪ್ಪತ್ತನಾಲ್ಕು. ಊರು ಪೇಟೆಯಿಂದ ಹದಿನೆಂಟು ಕಿಲೋಮೀಟರ್ ದೂರ, ಘಟ್ಟದ ಕಡೆ. ಅವರ ಮನೆಯೊಳಗೆ ಮೊಬೈಲ್ ನೆಟ್‌ವರ್ಕ್ ಇಲ್ಲ. ಕೊಟ್ಟಿಗೆಯ ಹಿಂದಿನ ದಿಬ್ಬ ಹತ್ತಿದರೆ ಎರಡು ಗೆರೆ ಸಿಗುತ್ತದೆ. ಆಧಾರ್ ಒಟಿಪಿ ಬರುವುದು ಅಲ್ಲಿಗೆ. ಹದಿನೈದು ನಿಮಿಷದೊಳಗೆ ಅದನ್ನು ನನಗೆ ತಿಳಿಸಬೇಕು. ಒಂಬತ್ತು ಗಂಟೆಗೆ ಒಮ್ಮೆ ಹತ್ತಿದರು. ಅಂಕಿಗಳನ್ನು ಓದಿದರು, ನಾನು ಹಾಕಿದೆ, ಪುಟ ಬಿಳಿಯಾಯಿತು. ಹತ್ತೂವರೆಗೆ ಮತ್ತೆ ಹತ್ತಿದರು. ಅವಧಿ ಮುಗಿದಿದೆ, ಮತ್ತೆ ಲಾಗಿನ್ ಆಗಿ ಎಂದಿತು. ಹನ್ನೊಂದೂವರೆಗೆ ಅವರೇ ಫೋನ್ ಮಾಡಿದರು. ‘ನಾನು ಇಲ್ಲೇ ಕಲ್ಲಿನ ಮೇಲೆ ಕೂತಿದ್ದೇನೆ, ಕೆಳಗಿಳಿದು ಮತ್ತೆ ಹತ್ತುವುದು ಬೇಡವೆಂದು. ಟಾರ್ಚ್ ಇದೆ, ನೀನು ಗಾಬರಿಯಾಗಬೇಡ’ ಎಂದರು. ಮಳೆ ಹನಿಯುತ್ತಿತ್ತು, ಫೋನಿನಲ್ಲಿ ಕೊಡೆಯ ಮೇಲೆ ಬೀಳುವ ಸದ್ದು ಕೇಳುತ್ತಿತ್ತು.

ಗಡುವು ವಿಸ್ತರಣೆಯಾಗಿದೆ ಎಂಬ ಸುಳ್ಳು ಸುದ್ದಿಯೊಂದು ಅದರ ಹಿಂದಿನ ದಿನವೇ ಹರಿದಾಡಿತ್ತು. ಸೆಪ್ಟೆಂಬರ್ 15ರಲ್ಲಿ ಬದಲಾವಣೆ ಇಲ್ಲ ಎಂದು ನೀವು ಖಂಡಿತವಾಗಿ ಹೇಳಿದ್ದಿರಿ. ಅದನ್ನು ನಂಬಿ ನಾನು ಎಲ್ಲರಿಗೂ ‘ಇವತ್ತೇ ಕೊನೆ’ ಎಂದಿದ್ದೆ. ಮಧ್ಯರಾತ್ರಿಗೆ ಸ್ವಲ್ಪ ಮುಂಚೆ ನಿಮ್ಮ ಪ್ರಕಟಣೆ ಬಂತು: ಇನ್ನೊಂದು ದಿನ, 16ರವರೆಗೆ. ಜೊತೆಗೇ ಇನ್ನೊಂದು ಸಾಲು: ಜಾಲತಾಣ ರಾತ್ರಿ 12ರಿಂದ 2.30ರವರೆಗೆ ನಿರ್ವಹಣೆಯಲ್ಲಿರುತ್ತದೆ. ಕೊಟ್ಟ ಒಂದು ದಿನದ ಮೊದಲ ಎರಡೂವರೆ ಗಂಟೆಯನ್ನು ಕೊಟ್ಟವರೇ ವಾಪಸು ತೆಗೆದುಕೊಂಡರು. ಮಾಸ್ತರರಿಗೆ ಫೋನ್ ಮಾಡಿ ‘ಮಲಗಿ, ನಾಳೆ ನೋಡೋಣ’ ಎಂದಾಗ ಅವರು ನಕ್ಕರು. ‘ಇದನ್ನು ಸಾಯಂಕಾಲವೇ ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?’ ಎಂದು ಕೇಳಿದರು. ಮಾನ್ಯರೇ, ಅವರ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲದ್ದರಿಂದ ನಿಮಗೆ ದಾಟಿಸುತ್ತಿದ್ದೇನೆ.

ಒಂದು ದಿನ ತಡವಾದರೆ ಏನು ಮಹಾ, ದಂಡ ಕಟ್ಟಿದರಾಯಿತು ಎಂದು ಕೆಲವರು ಹೇಳುತ್ತಾರೆ. ಐದು ಲಕ್ಷದ ಮೇಲೆ ಆದಾಯವಿದ್ದರೆ ತಡಶುಲ್ಕ 5,000, ಒಳಗಿದ್ದರೆ 1,000. ನನ್ನ 600 ರೂಪಾಯಿಯ ಕೆಲಸಕ್ಕೆ 5,000ದ ದಂಡ ಬಿದ್ದಾಗ ಗಿರಾಕಿ ಯಾರ ಮುಖ ನೋಡುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಿಂದೊಮ್ಮೆ ನಾನೇ ಕಿಸೆಯಿಂದ ಕಟ್ಟಿದ್ದೇನೆ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. ತಡವಾಗಿ ಸಲ್ಲಿಸುವವರಿಗೆ, ಹೆಚ್ಚಿನ ವಿನಾಯಿತಿಗಳಿರುವ ಹಳೆಯ ತೆರಿಗೆ ಪದ್ಧತಿಯ ಆಯ್ಕೆಯೇ ಇರುವುದಿಲ್ಲ. ಮನೆ ಸಾಲ, ವಿಮೆ, ಮಕ್ಕಳ ಶಾಲಾ ಶುಲ್ಕ ಎಂದು ಲೆಕ್ಕ ಹಾಕಿಕೊಂಡ ಶಿಕ್ಷಕರೊಬ್ಬರಿಗೆ ಆ ಒಂದು ರಾತ್ರಿಯ ಬೆಲೆ ಒಂದು ತಿಂಗಳ ಸಂಬಳವಾದರೂ ಆಗಬಹುದು. ವ್ಯಾಪಾರದಲ್ಲಿ ನಷ್ಟವಾದವನು ಅದನ್ನು ಮುಂದಿನ ವರ್ಷಕ್ಕೆ ಒಯ್ಯುವ ಹಕ್ಕನ್ನೂ ಕಳೆದುಕೊಳ್ಳುತ್ತಾನೆ.

ಆಡಿಟ್ ಪ್ರಕರಣಗಳ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಆಡಿಟ್ ವರದಿಯ ಸೆಪ್ಟೆಂಬರ್ 30ರ ಗಡುವಿಗೆ ಸಮಯ ಸಾಲದೆಂದು ದೇಶದ ಹಲವೆಡೆ ವೃತ್ತಿನಿರತರು ನ್ಯಾಯಾಲಯದ ಮೆಟ್ಟಿಲೇರಿದರು. ರಾಜಸ್ಥಾನ ಮತ್ತು ಕರ್ನಾಟಕದ ಹೈಕೋರ್ಟ್‌ಗಳು ವಿಸ್ತರಿಸುವಂತೆ ಹೇಳಿದ ಮೇಲೆ, ಸೆಪ್ಟೆಂಬರ್ 25ರಂದು ಅಕ್ಟೋಬರ್ 31ಕ್ಕೆ ಮುಂದೂಡಿದಿರಿ. ಅಕ್ಟೋಬರ್ 29ರಂದು ಮತ್ತೆ ನವೆಂಬರ್ 10ಕ್ಕೆ, ರಿಟರ್ನ್ಸ್ ಡಿಸೆಂಬರ್ 10ಕ್ಕೆ. ಅಷ್ಟರಲ್ಲಿ ನಾನು ದಸರೆಯನ್ನೂ ದೀಪಾವಳಿಯನ್ನೂ ಹುಬ್ಬಳ್ಳಿಯ ಬಸ್ಸಿನಲ್ಲೇ ಕಳೆದಿದ್ದೆ. ಗೋಪೂಜೆಯ ದಿನವೂ ಮನೆಯಲ್ಲಿರಲಿಲ್ಲ. ಕೊನೆಗೂ ಸಿಕ್ಕ ಹತ್ತು ದಿನಗಳನ್ನು ಅಕ್ಟೋಬರ್ ಮೊದಲ ವಾರದಲ್ಲೇ ಹೇಳಿದ್ದರೆ ಕೆಲಸ ಇಷ್ಟೇ ಆಗುತ್ತಿತ್ತು, ಮನುಷ್ಯರ ಹಾಗೆ ಆಗುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, 2022, 2023, 2024ರಲ್ಲಿ ಜುಲೈ 31 ಕದಲಲಿಲ್ಲ. ಆ ಶಿಸ್ತು ನನಗೆ ಹಿಡಿಸಿತ್ತು. ಗಿರಾಕಿಗಳಿಗೂ ಗಡುವು ಎಂದರೆ ಗಡುವು ಎಂಬ ಭಯ ಹುಟ್ಟಿತ್ತು. ಹೊಸ ಜಾಲತಾಣ ಬಂದ 2021ರಲ್ಲಿ ಅದೇ ಗಡುವು ಸೆಪ್ಟೆಂಬರ್‌ಗೆ, ಮತ್ತೆ ಡಿಸೆಂಬರ್ 31ಕ್ಕೆ ಜಾರಿದ್ದನ್ನು ಮರೆತೇಬಿಟ್ಟಿದ್ದರು. ಈ ವರ್ಷ ಎಲ್ಲವೂ ನೆನಪಾಗಿದೆ. ‘ಆಡಿಟರೇ, ಹೇಗೂ ಮುಂದೆ ಹೋಗುತ್ತದಲ್ಲ’ ಎಂದು ಮುಂದಿನ ಜುಲೈನಲ್ಲಿ ಹೇಳುವವರ ಮುಖಗಳು ಈಗಲೇ ನನ್ನ ಕಣ್ಣ ಮುಂದಿವೆ. ಕೊನೆಯ ಗಳಿಗೆಯ ವಿಸ್ತರಣೆಯಿಂದ ಹೊತ್ತಿಗೆ ಸರಿಯಾಗಿ ಕಾಗದ ತಂದವರು ಮೂರ್ಖರಾಗುತ್ತಾರೆ, ತಾರದವರು ಜಾಣರಾಗುತ್ತಾರೆ. ಆಗಸ್ಟ್ ತಿಂಗಳಿಡೀ ಬ್ಯಾಂಕ್ ಪಾಸ್‌ಬುಕ್ ತನ್ನಿ ಎಂದು ಗೋಗರೆದ ನನ್ನ ಮಾತಿಗೂ ಬೆಲೆ ಹೋಗುತ್ತದೆ.

ಇನ್ನೊಂದು ವಿಷಯ. ತಂತ್ರಾಂಶವನ್ನು ನಡುವೆ ಬದಲಿಸಬೇಡಿ. 2024ರ ಜುಲೈ 5ರಂದು ಯುಟಿಲಿಟಿ ಬದಲಾದಾಗ, ಷೇರು ಮಾರಿ ಅಲ್ಪ ಲಾಭ ಪಡೆದವರಿಗೆ ಕಡಿಮೆ ಆದಾಯದವರಿಗೆಂದು ಇರುವ 87ಎ ಸೆಕ್ಷನ್ ಅಡಿಯ ತೆರಿಗೆ ರಿಯಾಯಿತಿ ಏಕಾಏಕಿ ಮಾಯವಾಯಿತು. ಜೂನ್‌ನಲ್ಲಿ ಸಲ್ಲಿಸಿದವನಿಗೆ ತೆರಿಗೆ ಇಲ್ಲ, ಅಷ್ಟೇ ಆದಾಯದ ಅವನ ಹೆಂಡತಿ ಜುಲೈನಲ್ಲಿ ಸಲ್ಲಿಸಿದರೆ ತೆರಿಗೆ ಇದೆ. ವಿಷಯ ಮುಂಬಯಿ ಹೈಕೋರ್ಟಿಗೆ ಹೋಯಿತು. ತಡವಾದ ರಿಟರ್ನ್ಸ್‌ನ ಗಡುವು 2025ರ ಜನವರಿ 15ರವರೆಗೆ ಬೆಳೆಯಿತು. ಕಾನೂನಿನ ಸರಿತಪ್ಪು ನ್ಯಾಯಾಧೀಶರಿಗೆ ಬಿಟ್ಟದ್ದು. ಆದರೆ ಆ ಗಂಡಹೆಂಡಿರು ಒಟ್ಟಿಗೆ ನನ್ನೆದುರು ಕುಳಿತಿದ್ದಾಗ ಅವರಿಗೆ ಕಂಡದ್ದು ಯುಟಿಲಿಟಿಯ ತಪ್ಪಲ್ಲ, ನನ್ನ ತಪ್ಪು.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತದೆ. 536 ಸೆಕ್ಷನ್‌ಗಳಿರುವ ಆ ಪುಸ್ತಕವನ್ನು ಈಗಿನಿಂದಲೇ ಓದುತ್ತಿದ್ದೇನೆ. ವಿಮೆ, ಉಳಿತಾಯಗಳಿಗೆ ವಿನಾಯಿತಿ ಕೊಡುವ, ನಾಲಗೆಗೆ ಅಂಟಿಕೊಂಡ 80ಸಿ ಸೆಕ್ಷನ್ ಇನ್ನು ಮುಂದೆ 123 ಆಗುತ್ತದೆ. ಹೊಸ ಕಾಯ್ದೆಗೆ ಹೊಸ ನಮೂನೆಗಳು ಬೇಕು, ಹೊಸ ತಂತ್ರಾಂಶ ಬೇಕು. ಈ ವರ್ಷದ ಕಥೆ ಮರುಕಳಿಸಲು ಇದಕ್ಕಿಂತ ಪ್ರಶಸ್ತವಾದ ಸಂದರ್ಭ ಬೇರಿಲ್ಲ. ಹಾಗಾಗಿಯೇ ಈಗಲೇ ಬರೆಯುತ್ತಿದ್ದೇನೆ.

ನನ್ನ ಕೋರಿಕೆ ಇಷ್ಟು. ಯಾವ ನಮೂನೆಯ ತಂತ್ರಾಂಶ ಎಂದು ಬಿಡುಗಡೆಯಾಗುತ್ತದೆಯೋ ಅಂದಿನಿಂದ ಆ ನಮೂನೆಗೆ ಕನಿಷ್ಠ 120 ದಿನ ಸಿಗಲಿ, ಮತ್ತು ಇದನ್ನು ನಿಯಮದಲ್ಲೇ ಬರೆಯಿರಿ. ಆಗ ವಿಸ್ತರಣೆಗಾಗಿ ನಾವು ನಿಮ್ಮನ್ನು ಬೇಡುವ, ನೀವು ಮಧ್ಯರಾತ್ರಿ ಕರುಣಿಸುವ ಪ್ರಸಂಗವೇ ಬರುವುದಿಲ್ಲ. ನೀವು ಏಪ್ರಿಲ್ 1ಕ್ಕೇ ಕೊಟ್ಟರೆ ಜುಲೈ 31 ಮೀರಿ ಒಂದು ದಿನವನ್ನೂ ನಾನು ಕೇಳುವುದಿಲ್ಲ. ಹಾಗಿದ್ದೂ ವಿಸ್ತರಿಸಲೇಬೇಕಾದರೆ ಹದಿನೈದು ದಿನ ಮುಂಚೆ ತಿಳಿಸಿ. ಗಡುವನ್ನು ಮುಂಗಡ ತೆರಿಗೆಯ ದಿನದ ಮೇಲೆ, ಜಿಎಸ್‌ಟಿಯ 11 ಮತ್ತು 20ರ ನಡುವೆ ತಂದು ಕೂರಿಸಬೇಡಿ. ಕೊನೆಯ ದಿನ ಜಾಲತಾಣ ಕುಂಟಿದ್ದು ನಿಮ್ಮ ದಾಖಲೆಯಲ್ಲೇ ಇದ್ದರೆ, ಅಷ್ಟು ಗಂಟೆಗಳನ್ನು ಯಾರೂ ಕೇಳದೆಯೇ ಸೇರಿಸಿಕೊಡಿ. ಎಪ್ಪತ್ತು ದಾಟಿದವರಿಗೆ ಒಟಿಪಿಯ ಅವಧಿಯನ್ನು ಹದಿನೈದು ನಿಮಿಷದಿಂದ ಒಂದು ಗಂಟೆಗಾದರೂ ಏರಿಸಿ. ದಿಬ್ಬ ಹತ್ತಿ ಇಳಿಯಲು ಅಷ್ಟು ಬೇಕು.

ಮಾಸ್ತರರ ರಿಟರ್ನ್ 16ರ ಬೆಳಿಗ್ಗೆ 6.40ಕ್ಕೆ ಸಲ್ಲಿಕೆಯಾಯಿತು. ಅವರಿಗೆ 3,170 ರೂಪಾಯಿ ರಿಫಂಡ್ ಬಂದಿದೆ. ಪೇಟೆಗೆ ಬಂದಾಗ ನನ್ನ ಶುಲ್ಕ ಕೊಟ್ಟು, ಎರಡು ಕವಳೆ ವೀಳ್ಯದೆಲೆ ಮೇಜಿನ ಮೇಲಿಟ್ಟು ಹೋದರು. ಡಿಸೆಂಬರ್ 10ರ ಕಡತಗಳು ಈಗ ಅದರ ಪಕ್ಕದಲ್ಲಿವೆ.

ಇಂತಿ ತಮ್ಮ ವಿಶ್ವಾಸಿ,
ಶಿರಸಿ ಪೇಟೆಯ ಒಬ್ಬ ತೆರಿಗೆ ಸಲಹೆಗಾರ
ನವೆಂಬರ್ 2025